ಮೀಟರ್ ಹಾಕಿಸಲು ಹೊರಟ ಶಾಸಕರು ಉಚಿತ ಕರೆಂಟಿನ ಪರ ನಿಂತ ಬಗೆ: ಒಂದು ಪ್ರಕರಣ ಅಧ್ಯಯನ

ಕೃಷಿ ಸಬ್ಸಿಡಿಯನ್ನು ಶಾಸಕರು ಯಾಕೆ ಬಿಟ್ಟುಕೊಡುವುದಿಲ್ಲ ಎಂದು ಯಾರನ್ನಾದರೂ ಕೇಳಿ. "ಇನ್ಯಾಕೆ, ವೋಟಿಗೆ" ಎಂಬ ಉತ್ತರ ತಕ್ಷಣ ಬರುತ್ತದೆ. ಅದು ಸುಳ್ಳಲ್ಲ. ಆದರೆ ಅದರಿಂದ ತಿಳಿಯುವುದು ತುಂಬಾ ಕಡಿಮೆ. ರಸ್ತೆಗೂ ವೋಟಿದೆ, ಆಸ್ಪತ್ರೆಗೂ ವೋಟಿದೆ, ಶಾಲೆಗೂ ವೋಟಿದೆ. ಅವುಗಳ ದುಡ್ಡು ಕಡಿತವಾದಾಗ ಸುಮ್ಮನಿರುವ ಶಾಸಕರು ಪಂಪ್‌ಸೆಟ್ ಕರೆಂಟಿಗೆ ದರ ಹಾಕುವ ಮಾತು ಬಂದರೆ ಪಕ್ಷ ಮರೆತು ಒಂದಾಗುತ್ತಾರೆ. ಯಾಕೆ?

ಇದಕ್ಕೆ ಉತ್ತರ ಹುಡುಕಲು ಒಬ್ಬರೇ ಒಬ್ಬ ಶಾಸಕರ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರು, ಪಕ್ಷ, ಕ್ಷೇತ್ರ ಹೇಳುವುದಿಲ್ಲ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಆ ದಿನಗಳಲ್ಲಿ ನಾನು ಅದೇ ಭಾಗದ ಹಳ್ಳಿಗಳಲ್ಲಿ ಕೆರೆ ಮತ್ತು ಅಂತರ್ಜಲದ ಕೆಲಸ ಮಾಡುತ್ತಿದ್ದೆ. ಹಾಗಾಗಿ ಸಭೆಗಳಲ್ಲಿ ಇದ್ದೆ, ಅವರ ಜೊತೆ ಮಾತಾಡಿದ್ದೆ. ಈ ಪ್ರಕರಣವನ್ನೇ ಆರಿಸಿಕೊಳ್ಳಲು ಕಾರಣ ಇದೆ. ಇವರು ಉಚಿತ ವಿದ್ಯುತ್ ತಪ್ಪು ಎಂದು ಮನಸಾರೆ ನಂಬಿದ್ದವರು. ಅದನ್ನು ಬದಲಿಸಲು ಕೈ ಹಾಕಿದವರು. ಕೊನೆಗೆ ಸದನದಲ್ಲಿ ಎದ್ದು ನಿಂತು ಅದರ ಪರವಾಗಿ ಮಾತಾಡಿದವರು. ಸಬ್ಸಿಡಿಯನ್ನು ಮೊದಲಿಂದಲೂ ಬೆಂಬಲಿಸಿದ ಶಾಸಕರಿಗಿಂತ ಇಂಥವರಿಂದ ಕಲಿಯುವುದು ಜಾಸ್ತಿ.

ಊರು ಮತ್ತು ಹಿನ್ನೆಲೆ

ಕರ್ನಾಟಕದ ಪೂರ್ವದ ಬಯಲುಸೀಮೆಯ ಒಂದು ತಾಲ್ಲೂಕು. ವರ್ಷವಿಡೀ ಹರಿಯುವ ನದಿ ಇಲ್ಲ. ಹಳೆಯ ಕೆರೆಗಳಿವೆ, ಹಲವು ತುಂಬಿ ವರ್ಷಗಳಾಗಿದ್ದವು. ಜನ ರೇಷ್ಮೆ, ಟೊಮೆಟೊ, ತರಕಾರಿ ಮತ್ತು ಹಾಲು ನಂಬಿ ಬದುಕುತ್ತಾರೆ. ಈ ಎಲ್ಲಕ್ಕೂ ಬೋರ್‌ವೆಲ್ ನೀರೇ ಆಧಾರ. ಹಿಪ್ಪುನೇರಳೆ ತೋಟಕ್ಕೆ ನೀರು ತಪ್ಪಿದರೆ ಆ ಸಲದ ಹುಳುವಿನ ಬೆಳೆಯೇ ಹೋಗುತ್ತದೆ. ಕೋಲಾರ, ಚಿಕ್ಕಬಳ್ಳಾಪುರ ಕಡೆ ಬೋರ್ ಸಾವಿರ ಅಡಿ ದಾಟಿದ್ದು ಈಗ ಯಾರಿಗೂ ಸುದ್ದಿಯಲ್ಲ. ಇದೂ ಅಂಥದ್ದೇ ಊರು.

ರಾಜ್ಯದಲ್ಲಿ ಪಂಪ್‌ಸೆಟ್‌ಗೆ ಉಚಿತ ವಿದ್ಯುತ್ ಶುರುವಾಗಿದ್ದು 1990ರ ದಶಕದ ಆರಂಭದಲ್ಲಿ, ಎಸ್. ಬಂಗಾರಪ್ಪ ಮುಖ್ಯಮಂತ್ರಿಯಾಗಿದ್ದಾಗ. 10 ಎಚ್‌ಪಿವರೆಗಿನ ಮೋಟಾರಿಗೆ ಅದು ಅನ್ವಯಿಸುತ್ತಿತ್ತು. ಆಮೇಲೆ ಸಣ್ಣದೊಂದು ದರ ಬಂತು. ಕಟ್ಟಿದವರು ಕಡಿಮೆ, ಬಾಕಿ ಬೆಳೆಯಿತು. 2008ರಲ್ಲಿ ಬಿ.ಎಸ್. ಯಡಿಯೂರಪ್ಪ ಸರ್ಕಾರ ಮತ್ತೆ ಪೂರ್ತಿ ಉಚಿತ ಮಾಡಿತು. ಅಲ್ಲಿಂದ ಇಲ್ಲಿಯವರೆಗೆ ಬಂದ ಯಾವ ಸರ್ಕಾರವೂ ಅದನ್ನು ಮುಟ್ಟಿಲ್ಲ. ಇವತ್ತು ರಾಜ್ಯದ ಪಂಪ್‌ಸೆಟ್‌ಗಳ ಸಂಖ್ಯೆ 30 ಲಕ್ಷ ದಾಟಿದೆ. ಅವುಗಳಿಗಾಗಿ ಖಜಾನೆ ಕೊಡುವ ಹಣ ವರ್ಷಕ್ಕೆ 10,000 ಕೋಟಿ ರೂಪಾಯಿ ದಾಟಿದೆ.

ಕಾನೂನು ಬೇರೆಯದನ್ನೇ ಹೇಳುತ್ತದೆ. 2003ರ ವಿದ್ಯುತ್ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ಮೀಟರ್ ಇಲ್ಲದೆ ಯಾರಿಗೂ ಕರೆಂಟ್ ಕೊಡುವಂತಿಲ್ಲ. 65ನೇ ಸೆಕ್ಷನ್ ಪ್ರಕಾರ ಸರ್ಕಾರ ಸಬ್ಸಿಡಿ ಕೊಡುವುದಾದರೆ ಆ ಹಣವನ್ನು ಮುಂಗಡವಾಗಿಯೇ ವಿದ್ಯುತ್ ಕಂಪನಿಗೆ ಕೊಡಬೇಕು. ವಿದ್ಯುತ್ ನಿಯಂತ್ರಣ ಆಯೋಗ ಮೀಟರಿನ ಬಗ್ಗೆ ಮತ್ತೆ ಮತ್ತೆ ಹೇಳುತ್ತಾ ಬಂದಿದೆ. ಹಳ್ಳಿಯಲ್ಲಿ ಮೀಟರ್ ಎಂಬ ಮಾತಿಗೆ ಒಂದೇ ಅರ್ಥ: ಮುಂದೆ ಬಿಲ್ ಬರುತ್ತದೆ.

ನಮ್ಮ ಶಾಸಕರು 2013ರಲ್ಲಿ ಮೊದಲ ಬಾರಿ ಗೆದ್ದರು. ಓದಿದವರು. ಮನೆಗೆ ಜಮೀನಿತ್ತು, ಅದರಲ್ಲಿ ಬತ್ತಿದ ಬೋರ್‌ಗಳೂ ಇದ್ದವು. ಅದಕ್ಕೆ ಮೊದಲು ಸಹಕಾರ ಬ್ಯಾಂಕಿನಲ್ಲಿದ್ದರು. ಯಾವ ರೈತರ ಸಾಲ ಯಾವ ಬೋರಿನೊಳಗೆ ಹೋಗಿದೆ ಎಂದು ಅವರಿಗೆ ಹತ್ತಿರದಿಂದ ಗೊತ್ತಿತ್ತು. ಕರೆಂಟಿಗೆ ಬೆಲೆ ಇಲ್ಲದಿರುವುದರಿಂದಲೇ ಜನ ಪೈಪೋಟಿಗೆ ಬಿದ್ದು ಆಳಕ್ಕೆ ಕೊರೆಯುತ್ತಿದ್ದಾರೆ ಎಂಬುದು ಅವರ ನಂಬಿಕೆ. ಇದರಲ್ಲಿ ಹುರುಳಿದೆ ಎಂದು ನಾನೂ ನಂಬುತ್ತೇನೆ. ಸಾವಿರ ಅಡಿಯಿಂದ ಒಂದು ಬಿಂದಿಗೆ ನೀರೆತ್ತಲು ಬೇಕಾಗುವ ಕರೆಂಟಿನ ನಿಜವಾದ ಬೆಲೆ ರೈತನೇ ಕೊಡಬೇಕಾಗಿದ್ದರೆ ಅಷ್ಟು ಆಳದ ನೀರಿನಲ್ಲಿ ಟೊಮೆಟೊ ಬೆಳೆಯುವ ಲೆಕ್ಕವೇ ಕೂಡಿಬರುವುದಿಲ್ಲ.

ಟಿಸಿ ಸುಡುವ ಊರಲ್ಲಿ

ಶಾಸಕರ ಮನೆ ಮುಂದೆ ಬೆಳಿಗ್ಗೆ ಸೇರುವ ಜನರಲ್ಲಿ ಬಹುಪಾಲು ಒಂದೇ ದೂರು ಹೊತ್ತು ಬರುತ್ತಿದ್ದರು. "ಟಿಸಿ ಸುಟ್ಟೋಗಿದೆ ಸಾರ್." ಟಿಸಿ ಅಂದರೆ ಟ್ರಾನ್ಸ್‌ಫಾರ್ಮರ್. ಅದು ಸುಟ್ಟರೆ ಹಳ್ಳಿಗಳಲ್ಲಿ 72 ಗಂಟೆಯೊಳಗೆ ಬದಲಿಸಬೇಕು ಎಂಬ ನಿಯಮ ಇತ್ತು. ಬೇಸಿಗೆಯಲ್ಲಿ ಹತ್ತಾರು ಟಿಸಿ ಒಟ್ಟಿಗೆ ಸುಟ್ಟಾಗ ಆ ನಿಯಮ ಕಾಗದದಲ್ಲೇ ಉಳಿಯುತ್ತಿತ್ತು. ಶಾಸಕರು ಎಂಜಿನಿಯರಿಗೆ ಫೋನ್ ಮಾಡಬೇಕು. ಎಂಜಿನಿಯರ್ ರಿಪೇರಿ ಕೇಂದ್ರಕ್ಕೆ ಫೋನ್ ಮಾಡಬೇಕು. ಟಿಸಿ ಸಾಗಿಸುವ ಟ್ರ್ಯಾಕ್ಟರ್ ಬಾಡಿಗೆಯನ್ನು ರೈತರೇ ಚಂದಾ ಎತ್ತಿ ಕೊಡಬೇಕು.

ಟಿಸಿ ಯಾಕೆ ಸುಡುತ್ತದೆ? ಒಂದು ಟಿಸಿಗೆ ಲೆಕ್ಕದಲ್ಲಿ ಇಷ್ಟು ಮೋಟಾರ್ ಅಂತಿರುತ್ತದೆ. ನೆಲದ ಮೇಲೆ ಅದಕ್ಕಿಂತ ಜಾಸ್ತಿ ಇರುತ್ತವೆ. ಅರ್ಜಿಯಲ್ಲಿ ಐದು ಎಚ್‌ಪಿ ಬರೆಸಿದವರು ಬೋರ್ ಆಳವಾದ ಹಾಗೆ ಹತ್ತು, ಹನ್ನೆರಡು ಎಚ್‌ಪಿ ಇಳಿಸಿರುತ್ತಾರೆ. ಪಂಪ್ ಓಡಲು ಬೇಕಾದ ಮೂರು ಫೇಸ್ ಕರೆಂಟ್ ಬಂದ ಕ್ಷಣ ಆಟೋ ಸ್ಟಾರ್ಟರ್ ಹಾಕಿದ ಎಲ್ಲ ಮೋಟಾರೂ ಒಟ್ಟಿಗೆ ಶುರುವಾಗುತ್ತವೆ. ವೋಲ್ಟೇಜ್ ಕುಸಿಯುತ್ತದೆ, ಮೋಟಾರ್ ಕಾಯಿಲ್ ಸುಡುತ್ತದೆ. ಆಮೇಲೆ ರೀವೈಂಡಿಂಗ್ ಅಂಗಡಿಗೆ ಹೋಗಬೇಕು, ಮೋಟಾರ್ ಎತ್ತಿಸುವ ಕೂಲಿ ಬೇರೆ. ಇದೆಲ್ಲ ಸೇರಿಸಿದರೆ "ಉಚಿತ" ಕರೆಂಟಿಗೆ ರೈತ ವರ್ಷವಿಡೀ ದುಡ್ಡು ಕಟ್ಟುತ್ತಲೇ ಇರುತ್ತಾನೆ. ಆ ದುಡ್ಡು ಕಂಪನಿಗೆ ಹೋಗುವುದಿಲ್ಲ, ಅಷ್ಟೇ.

ಶಾಸಕರು ಹಿಡಿದ ಎಳೆ ಇದೇ. ರೈತ ಈಗಾಗಲೇ ಖರ್ಚು ಮಾಡುತ್ತಿದ್ದಾನೆ. ಆ ಖರ್ಚು ತಪ್ಪಿಸುವಂಥ ಒಳ್ಳೆಯ ಕರೆಂಟ್ ಕೊಟ್ಟರೆ ಸ್ವಲ್ಪ ದರ ಕೊಡಲು ಒಪ್ಪಬಹುದು ಎಂದು ಅವರು ಯೋಚಿಸಿದರು.

ಮಾಡಿ ನೋಡಿದ್ದು

ಅವರು ಮೊದಲು ಕೈ ಹಾಕಿದ್ದು ಲೆಕ್ಕಕ್ಕೆ. ಇಲಾಖೆಗಳ ಕೆಲಸ ಪರಿಶೀಲಿಸುವ ತಾಲ್ಲೂಕು ಕೆಡಿಪಿ ಸಭೆಯಲ್ಲಿ ಫೀಡರ್‌ವಾರು ವಿವರ ಕೇಳಿದರು. ಅಂದರೆ ಸಬ್‌ಸ್ಟೇಷನ್ನಿಂದ ಹಳ್ಳಿಗಳಿಗೆ ಹೋಗುವ ಒಂದೊಂದು ಫೀಡರ್ ಲೈನಿನಲ್ಲಿ ಎಷ್ಟು ಯೂನಿಟ್ ಹೊರಟಿತು, ಮನೆ ಮತ್ತು ಅಂಗಡಿಗಳಿಗೆ ಎಷ್ಟು ಬಿಲ್ ಆಯಿತು, ಉಳಿದದ್ದು ಎಲ್ಲಿ ಹೋಯಿತು ಎಂಬ ಲೆಕ್ಕ. ಬಂದ ಉತ್ತರ ಅವರನ್ನು ಚಕಿತಗೊಳಿಸಿತು. ಪಂಪ್‌ಸೆಟ್‌ಗೆ ಮೀಟರ್ ಇಲ್ಲದ ಕಾರಣ ಅವು ಉಪಯೋಗಿಸಿದ ಕರೆಂಟ್ ಒಂದು ಅಂದಾಜು. ಹಳೆಯ ತಂತಿಯಲ್ಲಿ ಸೋರಿದ್ದು, ಕೊಕ್ಕೆ ಹಾಕಿ ಕದ್ದದ್ದು, ಬಿಲ್ ಆಗದೆ ಉಳಿದದ್ದು, ಇವೆಲ್ಲ ಆ ಅಂದಾಜಿನೊಳಗೆ ಸೇರಿಕೊಳ್ಳಲು ಜಾಗ ಇತ್ತು. ದೇಶದ ಎಲ್ಲ ಕಡೆ ಮೀಟರಿಲ್ಲದ ಪಂಪ್‌ಸೆಟ್‌ಗಳ ವಿಷಯದಲ್ಲಿ ತಜ್ಞರು ಹೇಳುತ್ತಾ ಬಂದಿರುವ ಮಾತು ಇದು. ರೈತನ ಹೆಸರಲ್ಲಿ ಬರೆದ ಸಬ್ಸಿಡಿಯಲ್ಲಿ ರೈತ ಮುಟ್ಟದ ಕರೆಂಟೂ ಇರುತ್ತದೆ. ಮೀಟರ್ ಬಂದರೆ ಅದು ಬಯಲಾಗುತ್ತದೆ. ಹಾಗಾಗಿ ಮೀಟರಿಗೆ ವಿರೋಧ ಹೊಲದಲ್ಲಿ ಮಾತ್ರ ಇರುತ್ತದೆ ಎಂದು ತಿಳಿಯಬಾರದು. ಕಚೇರಿಯಲ್ಲೂ ಅದಕ್ಕೆ ಅವಸರ ಇರಲಿಲ್ಲ.

ಎರಡನೆಯದು ಒಂದು ಹೋಬಳಿಯ ಪ್ರಯೋಗ. 2015ರ ಸುಮಾರಿಗೆ ಅವರು ಒಂದು ಫೀಡರ್ ಆರಿಸಿಕೊಂಡರು. ಪ್ರಸ್ತಾವ ಸರಳವಾಗಿತ್ತು. ಆ ಫೀಡರಿನ ಪ್ರತಿ ಟಿಸಿಗೆ ಮೀಟರ್ ಹಾಕುವುದು, ರೈತರ ಮೋಟಾರಿಗೆ ಬೇಡ. ಬಿಲ್ ಇಲ್ಲ. ಅದಕ್ಕೆ ಬದಲಾಗಿ ಹಗಲಲ್ಲೇ ಮೂರು ಫೇಸ್ ಕರೆಂಟ್, ಓವರ್‌ಲೋಡ್ ಇರುವ ಕಡೆ ಹೆಚ್ಚುವರಿ ಟಿಸಿ, ಸುಟ್ಟರೆ ತಕ್ಷಣ ಬದಲಿ. ಎರಡು ವರ್ಷ ಆದ ಮೇಲೆ, ಒಂದು ಮಿತಿಗಿಂತ ಜಾಸ್ತಿ ಬಳಸಿದ ಟಿಸಿಯ ರೈತರು ಹೆಚ್ಚುವರಿಗೆ ಮಾತ್ರ ಸಣ್ಣ ದರ ಕೊಡಬೇಕೋ ಬೇಡವೋ ಎಂದು ರೈತರೇ ಕೂತು ತೀರ್ಮಾನಿಸುವುದು. ಕಾಗದದ ಮೇಲೆ ಇದಕ್ಕಿಂತ ಮೃದುವಾದ ಯೋಜನೆ ನಾನು ನೋಡಿಲ್ಲ.

ಡೇರಿ ಅಂಗಳದ ಸಭೆ

ಸಭೆ ನಡೆದದ್ದು ಒಂದು ಹಾಲಿನ ಡೇರಿಯ ಅಂಗಳದಲ್ಲಿ, ಸಂಜೆ ಹಾಲು ಹಾಕುವ ಹೊತ್ತಿಗೆ. ಶಾಸಕರು ಚೆನ್ನಾಗಿ ವಿವರಿಸಿದರು. ಜನ ಗಲಾಟೆ ಮಾಡಲಿಲ್ಲ. ಕೇಳಿಸಿಕೊಂಡರು. ಆಮೇಲೆ ಪ್ರಶ್ನೆಗಳು ಬಂದವು. ಇಡೀ ಪ್ರಕರಣದ ತಿರುವು ಆ ಪ್ರಶ್ನೆಗಳಲ್ಲಿತ್ತು. ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ರೇಷ್ಮೆ ಬೆಳೆಯುವ ಒಬ್ಬ ಹೆಂಗಸು ಮೊದಲು ಎದ್ದಳು. ಹಗಲು ಕರೆಂಟ್ ಕೊಡುತ್ತೇವೆ ಎಂದು ಯಾರು ಬರೆದುಕೊಡುತ್ತಾರೆ ಎಂದು ಕೇಳಿದಳು. ಶಾಸಕರು ತಾವೇ ಜವಾಬ್ದಾರಿ ಎಂದರು. ನೀವು ಮುಂದಿನ ಸಲ ಸೋತರೆ, ಎಂದಳು. ಅದಕ್ಕೆ ಅವರ ಬಳಿ ಉತ್ತರ ಇರಲಿಲ್ಲ. ಮೀಟರ್ ಗೋಡೆಗೆ ಹೊಡೆದ ಮೇಲೆ ಅಲ್ಲೇ ಇರುತ್ತದೆ, ಮಾತು ಕೊಟ್ಟವರು ಇರುತ್ತಾರೋ ಇಲ್ಲವೋ.

ಇನ್ನೊಬ್ಬ ವಯಸ್ಸಾದ ರೈತ ಹೇಳಿದ ಮಾತು ಶಾಸಕರನ್ನು ವರ್ಷಗಟ್ಟಲೆ ಕಾಡಿತು. ಸರ್ಕಾರ ನಮಗೆ ಬೆಲೆ ಕೊಡುತ್ತೇನೆ ಅಂದಿತು, ಟೊಮೆಟೊ ರಸ್ತೆಗೆ ಸುರಿದೆವು. ವಿಮೆ ಕೊಡುತ್ತೇನೆ ಅಂದಿತು, ಕಂತು ಕಟ್ಟಿಸಿಕೊಂಡಿತು, ಹಣ ಬರಲಿಲ್ಲ. ಕೆರೆ ತುಂಬಿಸುತ್ತೇನೆ ಅಂದಿತು, ಇನ್ನೂ ತುಂಬಿಲ್ಲ. ಹೇಳಿದ ಹಾಗೆ ನಮ್ಮ ಹೊಲಕ್ಕೆ ಬಂದಿದ್ದು ಈ ಕರೆಂಟ್ ಒಂದೇ, ಅದೂ ಅರ್ಧ ರಾತ್ರಿಯಲ್ಲಿ. ಅದನ್ನೇ ಮೊದಲು ಹಿಡಿಯುತ್ತೀರಲ್ಲ, ಎಂದು ಅವರು ಕೇಳಿದರು.

ಮೂರನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. ಆ ಸಭೆಯಲ್ಲಿ ಬೋರ್ ಇಲ್ಲದವರೂ ಇದ್ದರು. ಮಳೆ ನಂಬಿ ರಾಗಿ ಬೆಳೆಯುವವರು, ಕೂಲಿಗೆ ಹೋಗುವವರು. ಉಚಿತ ಕರೆಂಟಿನಿಂದ ಇವರಿಗೆ ನೇರವಾಗಿ ಒಂದು ಪೈಸೆಯೂ ಸಿಗುವುದಿಲ್ಲ. ಅಕ್ಕಪಕ್ಕದವರು ಆಳಕ್ಕೆ ಕೊರೆದಾಗ ಇವರ ಹಳೆಯ ಬಾವಿ ಬತ್ತುತ್ತದೆ. ಲೆಕ್ಕದ ಪ್ರಕಾರ ಮೀಟರ್ ಪರ ನಿಲ್ಲಬೇಕಾದವರು ಇವರು. ಶಾಸಕರು ಇವರನ್ನೇ ನಂಬಿದ್ದರು. ಒಬ್ಬರೂ ಮೀಟರ್ ಪರ ಮಾತಾಡಲಿಲ್ಲ. ಆಮೇಲೆ ಒಬ್ಬೊಬ್ಬರನ್ನೇ ಮಾತಾಡಿಸಿದಾಗ ಕಾರಣ ತಿಳಿಯಿತು. ಕೆಲವರು ಸರ್ಕಾರವೇ ಬೋರ್ ಕೊರೆಸಿಕೊಡುವ ಗಂಗಾ ಕಲ್ಯಾಣ ಯೋಜನೆಯಲ್ಲಿ ಅರ್ಜಿ ಹಾಕಿ ಕಾಯುತ್ತಿದ್ದರು. ನಾಳೆ ತಮಗೂ ಬೋರ್ ಬಂದರೆ ತಮಗೂ ಉಚಿತ ಕರೆಂಟ್ ಬೇಕು. ಕೂಲಿಯವರಿಗೆ ಕೆಲಸ ಸಿಗುವುದು ನೀರಾವರಿ ಹೊಲದಲ್ಲೇ. ಆ ಹೊಲ ಒಣಗಿದರೆ ಕೂಲಿಯೂ ಇಲ್ಲ. ಇನ್ನೊಂದು, ಸರ್ಕಾರಕ್ಕೆ ಇದರಿಂದ ಉಳಿಯುವ ದುಡ್ಡು ತಮ್ಮ ಮನೆಗೆ ಬರುತ್ತದೆ ಎಂದು ಅವರಲ್ಲಿ ಯಾರೂ ನಂಬಲಿಲ್ಲ. ಯಾಕೆ ನಂಬಬೇಕು ಅಲ್ವಾ? ಹಾಗೆಂದು ಅವರಿಗೆ ಯಾರೂ ಮಾತೇ ಕೊಟ್ಟಿರಲಿಲ್ಲ.

ಹಿಂದೆ ಸರಿದ ತೀರ್ಮಾನ

ಸಭೆಯ ಸುದ್ದಿ ವಾರದೊಳಗೆ ತಾಲ್ಲೂಕು ಪೂರ್ತಿ ಹರಡಿತು. ಹರಡುವಾಗ ಟಿಸಿಗೆ ಮೀಟರ್ ಅನ್ನುವುದು ಮೋಟಾರಿಗೆ ಮೀಟರ್ ಆಯಿತು. ಎದುರಾಳಿ ಪಕ್ಷದವರು ಕರಪತ್ರ ಹಂಚಿದರು. ಅದರಲ್ಲಿ ಶಾಸಕರು ರೈತರಿಗೆ ಬಿಲ್ ಹಾಕಲು ಹೊರಟಿದ್ದಾರೆ ಎಂದಿತ್ತು. ಶಾಸಕರು ಇದಕ್ಕೆ ಹೆದರಲಿಲ್ಲ. ಇದನ್ನು ಅವರು ಮೊದಲೇ ಲೆಕ್ಕ ಹಾಕಿದ್ದರು.

ಹೆದರಿಸಿದ್ದು ಸ್ವಂತ ಪಕ್ಷದ ಹಿರಿಯರೊಬ್ಬರ ಮಾತು. ಅವರು ಬೈಯಲಿಲ್ಲ. ಗಡಿಯಾಚೆಯ ಕಥೆ ನೆನಪಿಸಿದರು. ಈ ಭಾಗದ ಜನರಿಗೆ ಆಂಧ್ರದಲ್ಲಿ, ತಮಿಳುನಾಡಿನಲ್ಲಿ ನೆಂಟರಿದ್ದಾರೆ. ಅಲ್ಲಿ ನಡೆದದ್ದೆಲ್ಲ ಇಲ್ಲಿ ಮನೆಮಾತು. 2000ದ ಆಗಸ್ಟ್‌ನಲ್ಲಿ ಹೈದರಾಬಾದಿನ ಬಷೀರ್‌ಬಾಗ್‌ನಲ್ಲಿ ವಿದ್ಯುತ್ ದರ ಏರಿಕೆ ವಿರುದ್ಧ ನಡೆದ ಪ್ರತಿಭಟನೆಯ ಮೇಲೆ ಗುಂಡು ಹಾರಿತು, ಜನ ಸತ್ತರು. 2004ರಲ್ಲಿ ಚಂದ್ರಬಾಬು ನಾಯ್ಡು ಸೋತರು. ವೈ.ಎಸ್. ರಾಜಶೇಖರ ರೆಡ್ಡಿ ಪ್ರಮಾಣವಚನ ತೆಗೆದುಕೊಂಡ ದಿನವೇ ರೈತರ ಉಚಿತ ವಿದ್ಯುತ್ತಿನ ಕಡತಕ್ಕೆ ಸಹಿ ಹಾಕಿದರು. ತಮಿಳುನಾಡಿನಲ್ಲಿ 2003ರಲ್ಲಿ ಜಯಲಲಿತಾ ಸರ್ಕಾರ ಉಚಿತ ವಿದ್ಯುತ್ ನಿಲ್ಲಿಸಿ, ಬದಲಿಗೆ ರೈತರ ಕೈಗೆ ನಗದು ಕೊಡುವ ದಾರಿ ಹಿಡಿಯಿತು. 2004ರ ಲೋಕಸಭಾ ಚುನಾವಣೆಯಲ್ಲಿ ಅವರ ಕೂಟ ರಾಜ್ಯದ 39 ಕ್ಷೇತ್ರಗಳಲ್ಲೂ ಸೋತಿತು. ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ ಉಚಿತ ವಿದ್ಯುತ್ ಮರಳಿ ಬಂತು. ಪಂಜಾಬಿನಲ್ಲೂ ಅಮರಿಂದರ್ ಸಿಂಗ್ ಸರ್ಕಾರ ದರ ಹಾಕಿ, ಆಮೇಲೆ ತಾನೇ ಹಿಂದಕ್ಕೆ ತೆಗೆದುಕೊಂಡಿತು.

ಆ ಸೋಲುಗಳಿಗೆ ಕರೆಂಟ್ ಒಂದೇ ಕಾರಣ ಎನ್ನಲಾಗದು. ಬರ ಇತ್ತು, ಮೈತ್ರಿಗಳ ಲೆಕ್ಕ ಇತ್ತು, ಬೇರೆ ಸಿಟ್ಟುಗಳಿದ್ದವು. ಆದರೆ ರಾಜಕಾರಣಿಗಳು ಅದರಿಂದ ಕಲಿತ ಪಾಠ ಒಂದೇ. ದಕ್ಷಿಣದ ಯಾವ ಪಕ್ಷದ ಒಳಸಭೆಯಲ್ಲಾದರೂ ಈ ವಿಷಯ ಎತ್ತಿದರೆ 2004 ಎಂಬ ಇಸವಿ ಹೊರಬರುತ್ತದೆ. ಅದಕ್ಕೆ ಎದುರಾಗಿ, ದರ ಹಾಕಿ ಗೆದ್ದವರ ಹೆಸರನ್ನು ಅದೇ ಸಭೆಯಲ್ಲಿ ಯಾರೂ ಹೇಳಲಾರರು.

ಶಾಸಕರು ಇನ್ನೂ ಒಂದು ಲೆಕ್ಕ ಹಾಕಿದರು. ಅದನ್ನು ಅವರು ನನಗೆ ಹೇಳಿದಾಗ ಇಡೀ ವಿಷಯ ನನಗೆ ಬೇರೆಯದೇ ಥರ ಕಾಣಿಸಿತು. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ. ಅವರು ತಮ್ಮ ಇಷ್ಟದಂತೆ ಖರ್ಚು ಮಾಡಬಹುದಾದ ಹಣ ಅಷ್ಟೇ. ಪಂಪ್‌ಸೆಟ್ ಸಬ್ಸಿಡಿಯನ್ನು 224 ಕ್ಷೇತ್ರಗಳಿಗೆ ಹಂಚಿ ನೋಡಿ. ಈಗಿನ 10,000 ಕೋಟಿ ಎಂಬ ಕೆಳಗಿನ ಅಂಕಿ ಹಿಡಿದರೂ ಸರಾಸರಿ ಕ್ಷೇತ್ರಕ್ಕೆ 40 ಕೋಟಿ ಮೀರುತ್ತದೆ. ಬೆಂಗಳೂರಿನ ಕ್ಷೇತ್ರಗಳಿಗೆ ಅದರಲ್ಲಿ ಹೆಚ್ಚುಕಡಿಮೆ ಏನೂ ಹೋಗುವುದಿಲ್ಲ. ಹಾಗಾಗಿ ಬೋರ್ ತುಂಬಿದ ತಾಲ್ಲೂಕಿಗೆ ಸರಾಸರಿಗಿಂತ ಜಾಸ್ತಿಯೇ ಬರುತ್ತದೆ. ಟೆಂಡರ್ ಇಲ್ಲ, ಗುತ್ತಿಗೆದಾರ ಇಲ್ಲ, ಫಲಾನುಭವಿಗಳ ಪಟ್ಟಿಗಾಗಿ ಜಗಳ ಇಲ್ಲ. ಅದು ತಂತಿಯಲ್ಲಿ ಹರಿದು ನೇರ ಹೊಲಕ್ಕೆ ಬರುತ್ತದೆ. ಇದನ್ನು ಬಿಟ್ಟುಕೊಟ್ಟರೆ ಉಳಿಯುವ ಹಣ ವಿಧಾನಸೌಧದ ದೊಡ್ಡ ಖಜಾನೆಗೆ ಸೇರುತ್ತದೆ. ಅದರಲ್ಲಿ ಎಷ್ಟು ತಮ್ಮ ತಾಲ್ಲೂಕಿಗೆ ವಾಪಸ್ ಬರುತ್ತದೆ ಎಂದು ಯಾರೂ ಹೇಳುವುದಿಲ್ಲ. ಒಣ ತಾಲ್ಲೂಕಿನ ಪ್ರತಿನಿಧಿಯಾಗಿ ನೋಡಿದರೆ ಇದು ತನ್ನ ಜನಕ್ಕೆ ಬರುತ್ತಿರುವ ನ್ಯಾಯದ ಪಾಲು. ಕಾಲುವೆ ನೀರು ಸಿಗುವ ಜಿಲ್ಲೆಗಳಿಗೆ ಸರ್ಕಾರ ಅಣೆಕಟ್ಟು ಕಟ್ಟಿಕೊಟ್ಟಿದೆ. ಬಯಲುಸೀಮೆಯ ರೈತ ತನ್ನ ನೀರಾವರಿಯನ್ನು ತಾನೇ ಸಾಲ ಮಾಡಿ ಕೊರೆದುಕೊಂಡಿದ್ದಾನೆ. ಅವನಿಗೆ ಕರೆಂಟಾದರೂ ಬಿಟ್ಟಿ ಸಿಗಬೇಡವೇ ಎಂದು ಶಾಸಕರು ಕೇಳಿದರು. ಆ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ.

2016ರಲ್ಲಿ ಬರ ಇನ್ನೂ ಬಿಗಿಯಾಯಿತು. ಹಿಂದಿನ ವರ್ಷವೂ ಮಳೆ ಕೈಕೊಟ್ಟಿತ್ತು. ಬೋರ್‌ಗಳು ಸಾಲಾಗಿ ನಿಂತವು. ಅಂಥ ಹೊತ್ತಲ್ಲಿ ಟಿಸಿಗೆ ಮೀಟರ್ ಪೆಟ್ಟಿಗೆ ಹೊಡೆಯಲು ಜನ ಕಳಿಸುವುದು ಸಾಧ್ಯವಿರಲಿಲ್ಲ. ಶಾಸಕರು ಪ್ರಸ್ತಾವ ಕೈಬಿಟ್ಟರು. ಕೈಬಿಟ್ಟದ್ದನ್ನು ಅದೇ ಡೇರಿಯಲ್ಲಿ ಬಂದು ಹೇಳಿದರು. ಮುಂದಿನ ಅಧಿವೇಶನದಲ್ಲಿ ಎದ್ದು ನಿಂತು ಮೂರು ಫೇಸ್ ಕರೆಂಟ್ 7 ಗಂಟೆ ಕೊಡಲೇಬೇಕು, ಪಂಪ್‌ಸೆಟ್‌ಗೆ ಯಾವ ಕಾರಣಕ್ಕೂ ಮೀಟರ್ ಬೇಡ ಎಂದು ಒತ್ತಾಯಿಸಿದರು. ಎರಡೂ ಕಡೆಯ ಸದಸ್ಯರು ಮೇಜು ಕುಟ್ಟಿದರು.

ಆಮೇಲೆ ಏನಾಯಿತು

ಮೀಟರ್ ಕೈಬಿಟ್ಟ ಮೇಲೆ ಅವರ ಕೆಲಸ ಸುಲಭವಾಯಿತು ಎನ್ನುವುದು ಗಮನಿಸಬೇಕಾದ ಸಂಗತಿ. "ಇವರು ನಮ್ಮ ಪರ" ಎಂದು ಗೊತ್ತಾದ ಮೇಲೆ ಅದೇ ರೈತರು ಬೇರೆ ಮಾತು ಕೇಳಲು ತಯಾರಾದರು. ರಾಜ್ಯದಲ್ಲಿ ಆಗ ನಿರಂತರ ಜ್ಯೋತಿ ಯೋಜನೆ ನಡೆಯುತ್ತಿತ್ತು. ಊರಿನ ಮನೆಗಳಿಗೆ ಒಂದು ಫೀಡರ್, ಪಂಪ್‌ಸೆಟ್‌ಗಳಿಗೆ ಇನ್ನೊಂದು. ಗುಜರಾತಿನಲ್ಲಿ ಇದಕ್ಕೆ ಮೊದಲೇ ಜ್ಯೋತಿಗ್ರಾಮ ಎಂಬ ಹೆಸರಲ್ಲಿ ಇದೇ ದಾರಿ ಹಿಡಿದಿದ್ದರು. ಫೀಡರ್ ಬೇರೆಯಾದರೆ ಮನೆಗೆ ದಿನಪೂರ್ತಿ ಕರೆಂಟ್ ಕೊಡಬಹುದು, ಪಂಪಿಗೆ ನಿಗದಿತ ಗಂಟೆ ಮಾತ್ರ. ನೀರೆತ್ತುವುದಕ್ಕೆ ಬೆಲೆಯ ಕಡಿವಾಣ ಇಲ್ಲದಿದ್ದರೂ ಹೊತ್ತಿನ ಕಡಿವಾಣ ಬೀಳುತ್ತದೆ. ಇನ್ನೊಂದು ಲಾಭವೂ ಇದೆ. ಪಂಪ್ ಫೀಡರಿಗೆ ಸಬ್‌ಸ್ಟೇಷನ್ನಿನಲ್ಲೇ ಮೀಟರ್ ಇರುವುದರಿಂದ ಅಂದಾಜಿನ ಜಾಗದಲ್ಲಿ ಅಳತೆ ಬರುತ್ತದೆ. ರೈತನ ಹೊಲಕ್ಕೆ ಯಾರೂ ಕಾಲಿಡಬೇಕಿಲ್ಲ.

ಶಾಸಕರು ತಮ್ಮ ಶಕ್ತಿಯನ್ನೆಲ್ಲ ಇದಕ್ಕೆ ಹಾಕಿದರು. ತಮ್ಮ ನಿಧಿಯ ಒಂದು ಭಾಗ ಹೆಚ್ಚುವರಿ ಟಿಸಿಗೆ ಹೋಯಿತು. ಅಕ್ರಮ ಸಂಪರ್ಕಗಳನ್ನು ಸಕ್ರಮ ಮಾಡಿಕೊಳ್ಳಿ ಎಂದು ಹಳ್ಳಿ ಹಳ್ಳಿಗೆ ಹೋಗಿ ಹೇಳಿದರು. ಆರ್‌ಆರ್ ನಂಬರ್, ಅಂದರೆ ವಿದ್ಯುತ್ ಸಂಪರ್ಕದ ನೋಂದಣಿ ಸಂಖ್ಯೆ, ಇಲ್ಲದ ಮೋಟಾರ್‌ಗಳು ಪಟ್ಟಿಗೆ ಬಂದವು. ಟಿಸಿ ಮೇಲಿನ ಹೊರೆ ಎಷ್ಟು ಎಂದು ಕೊನೆಗೂ ಗೊತ್ತಾಯಿತು. ಟಿಸಿ ಸುಡುವುದು ಪೂರ್ತಿ ನಿಲ್ಲಲಿಲ್ಲ, ಕಡಿಮೆಯಾಯಿತು. ಬೆಳಿಗ್ಗೆ ಅವರ ಮನೆ ಮುಂದೆ ಬರುವ ಜನರ ದೂರು ಬೇರೆ ವಿಷಯಗಳ ಕಡೆ ತಿರುಗಿತು.

ನೀರಿನ ಕಥೆ ಮಾತ್ರ ಬದಲಾಗಲಿಲ್ಲ. ಬೋರ್ ಆಳಕ್ಕೆ ಇಳಿಯುತ್ತಲೇ ಹೋಯಿತು. ಹೊತ್ತಿನ ಕಡಿವಾಣಕ್ಕೆ ರೈತರು ದೊಡ್ಡ ಮೋಟಾರ್ ಇಳಿಸಿ ಉತ್ತರ ಕೊಟ್ಟರು. ಅಷ್ಟೇ ಗಂಟೆಯಲ್ಲಿ ಜಾಸ್ತಿ ನೀರು. ಇದನ್ನು ಮುಚ್ಚಿಟ್ಟು ಈ ಪ್ರಕರಣವನ್ನು ಯಶಸ್ಸಿನ ಕಥೆ ಮಾಡಲು ನನಗೆ ಮನಸ್ಸಿಲ್ಲ.

2018ರ ಚುನಾವಣೆಯಲ್ಲಿ ಅವರು ಗೆದ್ದರೋ ಸೋತರೋ ಎಂದು ಹೇಳಿದರೆ ಗುರುತು ಸಿಗುತ್ತದೆ. ಅದನ್ನು ಬಿಡುತ್ತೇನೆ. ಆ ಚುನಾವಣೆಯಲ್ಲಿ ತಾಲ್ಲೂಕಿನ ಯಾವ ಅಭ್ಯರ್ಥಿಯೂ ಕರೆಂಟ್ ದರದ ಮಾತೆತ್ತಲಿಲ್ಲ. ಎಲ್ಲರೂ ಸಾಲಮನ್ನಾ ಬಗ್ಗೆ ಮಾತಾಡಿದರು.

ಈ ಪ್ರಕರಣದಿಂದ ನನಗೆ ತಿಳಿದದ್ದು

ಶಾಸಕರು ಸಬ್ಸಿಡಿಯ ಪರ ನಿಲ್ಲುವಾಗ ಅವರ ಮುಂದೆ ಇರುವುದು "ಸಬ್ಸಿಡಿಯೋ, ಒಳ್ಳೆಯ ನೀತಿಯೋ" ಎಂಬ ಆಯ್ಕೆ ಎಂದು ನಾವು ಹೊರಗಿನವರು ಅಂದುಕೊಳ್ಳುತ್ತೇವೆ. ಅವರಿಗೆ ಕಾಣುವ ಆಯ್ಕೆ ಬೇರೆ. ಒಂದು ಕಡೆ ಈಗಾಗಲೇ ಕೈಯಲ್ಲಿರುವ, ಎಲ್ಲರಿಗೂ ಗೊತ್ತಿರುವ ಲಾಭ. ಇನ್ನೊಂದು ಕಡೆ ಮುಂದೊಂದು ದಿನ, ಇನ್ಯಾವುದೋ ಇಲಾಖೆ, ಇನ್ಯಾರದೋ ಕಾಲದಲ್ಲಿ ಕೊಡಬೇಕಾದ ಲಾಭದ ಮಾತು. ಆ ಮಾತನ್ನು ಉಳಿಸಿಕೊಳ್ಳುವ ಅಧಿಕಾರ ಒಬ್ಬ ಶಾಸಕರಿಗೆ ಇಲ್ಲವೇ ಇಲ್ಲ. ಬಜೆಟ್ ಮಾಡುವವರು ಬೇರೆ, ಕಂಪನಿ ನಡೆಸುವವರು ಬೇರೆ. ಮಾತು ತಪ್ಪಿದಾಗ ಬೈಸಿಕೊಳ್ಳುವವರು ಮಾತ್ರ ಇವರು. ಡೇರಿ ಅಂಗಳದ ಹೆಂಗಸು ಕೇಳಿದ್ದು ಇದನ್ನೇ. ಹಾಗಾಗಿ ನನ್ನ ತೀರ್ಮಾನ ಇದು: ಸರ್ಕಾರದ ಬೇರೆ ಮಾತುಗಳ ಮೇಲೆ ಜನರ ನಂಬಿಕೆ ಎಷ್ಟು ಕಡಿಮೆಯೋ, ಸಬ್ಸಿಡಿಯ ಮೇಲಿನ ಹಿಡಿತ ಅಷ್ಟು ಬಿಗಿ. ಶಾಸಕರ ಬೆಂಬಲ ಆ ಹಿಡಿತದ ನೆರಳು.

ಎದುರು ಪಾಳಯವೇ ಇಲ್ಲದಿರುವುದೂ ಮುಖ್ಯ. ಈ ಸಬ್ಸಿಡಿಯ ಹೊರೆ ಹೊರುವವರು ಯಾರು? ಸ್ವಲ್ಪ ಭಾಗ ತೆರಿಗೆ ಕಟ್ಟುವವರು, ಸ್ವಲ್ಪ ಭಾಗ ಜಾಸ್ತಿ ದರ ಕೊಡುವ ಕಾರ್ಖಾನೆ ಮತ್ತು ಅಂಗಡಿಯವರು. ಅವರಲ್ಲಿ ಒಬ್ಬೊಬ್ಬರ ಪಾಲು ಸಣ್ಣದು, ಅದು ಬಿಲ್ಲಿನಲ್ಲಿ ಬೇರೆಯಾಗಿ ಕಾಣುವುದಿಲ್ಲ. ರೈತನಿಗೆ ಬಿಲ್ ಬಂದರೆ ಅದೇ ದಿನ ಗೊತ್ತಾಗುತ್ತದೆ. 2023ರಲ್ಲಿ ಗೃಹಜ್ಯೋತಿ ಬಂದು ಮನೆಗಳಿಗೂ 200 ಯೂನಿಟ್‌ವರೆಗೆ ಉಚಿತವಾದ ಮೇಲೆ ನಗರದ ಶಾಸಕರಿಗೂ ಪಂಪ್‌ಸೆಟ್ ಬಗ್ಗೆ ದನಿ ಎತ್ತಲು ಜಾಗ ಉಳಿದಿಲ್ಲ. ತಮ್ಮ ಮತದಾರರಿಗೂ ಬಿಟ್ಟಿ ಕರೆಂಟ್ ಇರುವಾಗ ಯಾವ ಬಾಯಲ್ಲಿ ರೈತರದ್ದು ನಿಲ್ಲಿಸಿ ಎನ್ನುವುದು? ನೀರಿನ ಪರವಾಗಿ ಮಾತಾಡಬೇಕಾದವರು ಮುಂದೆ ಹುಟ್ಟುವ ಮಕ್ಕಳು. ಅವರಿಗೆ ವೋಟಿಲ್ಲ.

ಸುಧಾರಣೆ ಮಾಡಲು ಹೊರಡುವವರಿಗೆ, ಅವರು ಅಧಿಕಾರಿಗಳಿರಲಿ ನನ್ನಂಥ ಸಂಸ್ಥೆಯ ಕೆಲಸಗಾರರಿರಲಿ, ಕ್ರಮದ ಬಗ್ಗೆ ಒಂದು ಮಾತು ಹೇಳಬಲ್ಲೆ. ಈ ಶಾಸಕರು ಮೊದಲು ಮೀಟರ್ ಎಂದರು, ಆಮೇಲೆ ಒಳ್ಳೆಯ ಕರೆಂಟ್ ಎಂದರು. ಎರಡೂ ಒಂದೇ ದಿನ, ಒಂದೇ ಸಭೆಯಲ್ಲಿ ಬಂದವು. ಜನ ಮೊದಲನೆಯದನ್ನೇ ಕೇಳಿಸಿಕೊಂಡರು. ಫೀಡರ್ ಬೇರೆ ಮಾಡಿ, ಟಿಸಿ ಹಾಕಿಸಿ, ಎರಡು ಬೇಸಿಗೆ ಕರೆಂಟ್ ಸರಿಯಾಗಿ ಬಂದ ಮೇಲೆ ಅದೇ ಅಂಗಳದಲ್ಲಿ ಅಳತೆಯ ಮಾತೆತ್ತಿದ್ದರೆ ಕೇಳುವ ಕಿವಿ ಬೇರೆ ಇರುತ್ತಿತ್ತು ಎಂದು ನನಗನ್ನಿಸುತ್ತದೆ. ಬೋರ್ ಇಲ್ಲದವರನ್ನು ನಂಬುವುದಾದರೆ ಅವರಿಗೆ ಕಾಣುವಂಥ ಪಾಲು ಮೊದಲೇ ಇರಬೇಕು. ಕೆರೆ ಹೂಳು ತೆಗೆಸುವುದೋ, ರಾಗಿಗೆ ಒಳ್ಳೆಯ ಬೆಲೆಯೋ, ಕೈಗೆ ಸಿಗುವಂಥದ್ದು. ಆ ಪಾಲು ಅವರಿಗೆ ಸಿಕ್ಕ ಮೇಲೆ ಮಾತ್ರ ಶಾಸಕರಿಗೆ ಎರಡನೇ ಮತಪೆಟ್ಟಿಗೆ ಕಾಣುತ್ತದೆ.

2024ರಲ್ಲಿ ಪಂಪ್‌ಸೆಟ್ ಆರ್‌ಆರ್ ನಂಬರಿಗೆ ಆಧಾರ್ ಜೋಡಿಸಬೇಕೆಂದಾಗ ರೈತ ಸಂಘಟನೆಗಳು ಬೀದಿಗಿಳಿದವು. ಜೋಡಣೆಯಿಂದ ಬಿಲ್ ಬರುವುದಿಲ್ಲ ಎಂದು ಸರ್ಕಾರ ಹೇಳಿತು. ಆ ತಾಲ್ಲೂಕಿನ ಪರಿಚಿತ ರೈತರಿಗೆ ಫೋನ್ ಮಾಡಿ ಕೇಳಿದೆ. ಹಳೆಯ ಹೋಬಳಿಯಲ್ಲಿ, ಫೀಡರ್ ಬೇರೆಯಾಗಿ ಟಿಸಿ ಸರಿಹೋದ ಹಳ್ಳಿಗಳಲ್ಲಿ, ಹಲವರು ಲೈನ್‌ಮ್ಯಾನ್ ಬಂದ ಕೂಡಲೇ ಆಧಾರ್ ಕೊಟ್ಟಿದ್ದರು. ಪಕ್ಕದ ಹೋಬಳಿಯಲ್ಲಿ ಟಿಸಿ ಈಗಲೂ ಸುಡುತ್ತಿದೆ. ಅಲ್ಲಿ ಲೈನ್‌ಮ್ಯಾನನ್ನು ವಾಪಸ್ ಕಳಿಸಿದ್ದರು, ಅಲ್ಲಿನ ಈಗಿನ ಶಾಸಕರು ಅವರ ಪರ ನಿಂತಿದ್ದರು.